ಓದಿ ಹರಿಯಬೇಕಾದ ಕಾಗದ

ನಮ್ಮ ಅಡುಗೆಮನೆಯ ಬಾಗಿಲ ಪಕ್ಕದ ಮೊಳೆಗೆ ಒಂದು ತಂತಿ ತೂಗುಬಿದ್ದಿದೆ. ಕೆಳಗೆ ಅಂಗೈಯಗಲದ ಮರದ ಬಿಲ್ಲೆ, ಅದರ ನಡುವಿನಿಂದ ಮೇಲೆದ್ದ ಗಟ್ಟಿ ಕಬ್ಬಿಣದ ತಂತಿ, ತುದಿಯಲ್ಲಿ ಕೊಕ್ಕೆಯಾಗಿ ಬಾಗಿದ ಚೂಪು ಮೊನೆ. ಇಷ್ಟೇ ಅದರ ವೈಭವ. ಒಂದು ಕಾಲಕ್ಕೆ ಇಂಥ ತಂತಿಯಿಲ್ಲದ ಮನೆಯೇ ನಮ್ಮ ಕಡೆ ಇರಲಿಲ್ಲ. ಬಂದ ಕಾಗದವನ್ನು ಓದಿ, ಮೊನೆಗೆ ಚುಚ್ಚಿ ಕೆಳಕ್ಕೆ ಜಾರಿಸಿಬಿಟ್ಟರೆ ಮುಗಿಯಿತು, ಅದು ಆ ಮನೆಯ ಪಾಲಿಗೆ ಚಿರಂಜೀವಿ. ಮಗಳು ಹೆತ್ತ ಸುದ್ದಿ, ಲಗ್ನಪತ್ರಿಕೆ, ದೂರದ ಅಳಿಯನ ಮುನಿಸು, ಎಲ್ಲವೂ ಒಂದರ ಮೇಲೊಂದು ಎದೆಗೆ ತೂತು ಮಾಡಿಸಿಕೊಂಡು ಸುಮ್ಮನೆ ಕೂತಿರುತ್ತಿದ್ದವು. ಈ ತಂತಿ ಕಂಪ್ಲಿಯ ನಮ್ಮ ಅಜ್ಜಿಯದು. ಮನೆಗೆ ಬಂದವರು ಇದನ್ನು ನೋಡಿ, ಇನ್ನೂ ಯಾಕೆ ಇಟ್ಟುಕೊಂಡಿದ್ದೀರಿ, ಮಕ್ಕಳ ಕಣ್ಣಿಗೆ ಗಿಣ್ಣಿಗೆ ಚುಚ್ಚೀತು ಎನ್ನುತ್ತಾರೆ. ಯಾಕೆ ಎಂದು ನಿಮಗೆ ಹೇಳುತ್ತೇನೆ, ಆರಾಮಾಗಿ ಕುಳಿತುಕೊಳ್ಳಿ. ನನ್ನದು ಸ್ವಲ್ಪ ಸುತ್ತುದಾರಿಯ ಮಾತು.

ಅಜ್ಜಿಯ ತಂತಿಗೆ ಎಲ್ಲ ಕಾಗದಗಳೂ ಏರುತ್ತಿದ್ದವು, ಒಂದು ಜಾತಿಯ ಕಾಗದದ ಹೊರತು. ಯಾರೋ ತೀರಿಕೊಂಡರೆಂಬ ಕಾರ್ಡು ಬಂದರೆ ಅದಕ್ಕೆ ಹೊಸ್ತಿಲು ದಾಟುವ ಭಾಗ್ಯವಿರಲಿಲ್ಲ. ಅಜ್ಜಿಗೆ ಓದು ಬಾರದು. ಹೊರಗಿನ ಕಟ್ಟೆಯ ಮೇಲೆ ಕುಳಿತು, ನನ್ನಿಂದ ಎರಡು ಸಲ ಓದಿಸಿ ಕೇಳಿ, ಕಾರ್ಡನ್ನು ನನ್ನ ಕೈಯಿಂದ ತೆಗೆದುಕೊಂಡು ನಾಲ್ಕು ಚೂರು ಮಾಡಿ ಬೀದಿಗೆ ಬಿಡುತ್ತಿದ್ದಳು. ಆಮೇಲೆ ಕೈಕಾಲು ಮುಖ ತೊಳೆದು ಒಳಗೆ ಬಂದು ಒಲೆಯ ಮುಂದೆ ಕೂತು ಅಳುತ್ತಿದ್ದಳು. ಒಂದು ಸಲ ನಾನು ಆ ಚೂರುಗಳನ್ನು ಆರಿಸಿ ತಂದು ಅನ್ನದ ಅಗುಳಿನಿಂದ ಅಂಟಿಸಿ ಜೋಡಿಸಿಬಿಟ್ಟೆ. ಕಾರ್ಡು ಬರೆದಿದ್ದ ಚಿಗಪ್ಪನ ಅಕ್ಷರ ಅಷ್ಟು ದುಂಡಗಿತ್ತು. ಅಜ್ಜಿ ನೋಡಿದಳು. ಬೈಯಲಿಲ್ಲ.

"ಇಡಬ್ಯಾಡ ನನ ಕೂಸ, ಅದು ಓದಿ ಹರಿಯೋ ಕಾಗದ. ದುಃಖ ಬಂತು, ಕೇಳಿದ್ವಿ, ಅತ್ವಿ. ತಂತಿಗೆ ಚುಚ್ಚಿದ್ರ ದಿನಾ ಸತ್ತಂಗ ಆಗ್ತೈತಿ" ಎಂದಳು.

ನಾನು ಕೇಳಿಸಿಕೊಂಡೆ, ಆದರೆ ಕಲಿಯಲಿಲ್ಲ. ನನ್ನದು ಕೂಡಿಡುವ ಜಾತಿ. ದೊಡ್ಡವಳಾಗಿ ಆ ಚಟಕ್ಕೇ ಸಂಬಳ ಕೊಡುವ ನೌಕರಿಯೊಂದು ಸಿಕ್ಕಿತು, ಹೊಸಪೇಟೆಯ ಕಾಲೇಜೊಂದರ ಗ್ರಂಥಪಾಲಕಿಯಾದೆ. ಅಜ್ಜಿ ಹೋದಮೇಲೆ ತಂತಿಯನ್ನು ಕೇಳಿ ತಂದುಕೊಂಡೆ. ಬೆಳ್ಳಿಯ ಲೋಟಕ್ಕಾಗಿ ಕಾದಾಡುತ್ತಿದ್ದ ನಮ್ಮ ಅತ್ತೆ ಚಿಗವ್ವಂದಿರು ಈ ಹುಚ್ಚಿಗೆ ನಕ್ಕು ಕೊಟ್ಟುಬಿಟ್ಟರು.

ನಾನೀಗ ಹೇಳುತ್ತಿರುವುದು ಗಣಿಯ ಕಾಲದ ಮಾತು. ನೀವು ಆ ವರ್ಷಗಳಲ್ಲಿ ನಮ್ಮ ಕಡೆ ಬಂದಿದ್ದರೆ ನಿಮ್ಮ ಬಿಳಿ ಕರವಸ್ತ್ರಕ್ಕೆ ಅದು ಇಂದಿಗೂ ನೆನಪಿರುತ್ತದೆ. ಸಂಡೂರಿನ ಗುಡ್ಡಗಳು ಹಗಲೂ ರಾತ್ರಿ ಲಾರಿ ಹತ್ತಿ ಹೋಗುತ್ತಿದ್ದವು. ಹೋಗುವಾಗ ದಾರಿಯುದ್ದಕ್ಕೂ ತಮ್ಮ ಕೆಂಪನ್ನು ಕೊಡವುತ್ತ ಹೋಗುತ್ತಿದ್ದವು. ಆ ಧೂಳು ನಮ್ಮ ಗ್ರಂಥಾಲಯದ ಕಿಟಕಿಯಿಂದ ಒಳಬಂದು, ಯಾವ ಚೀಟಿಯನ್ನೂ ತೋರಿಸದೆ, ಎಲ್ಲ ಪುಸ್ತಕಗಳನ್ನೂ ತಿರುವಿಹಾಕುತ್ತಿತ್ತು. ನನ್ನ ಸಹಾಯಕಿ ಹುಲಿಗೆವ್ವ ಬೆಳಿಗ್ಗೆ ಒರೆಸಿದ ಕಪಾಟನ್ನು ಮಧ್ಯಾಹ್ನ ಮತ್ತೆ ಒರೆಸಿ, "ಮೇಡಮ್ಮರ, ಗುಡ್ಡ ಎಲ್ಲಾ ಚೀನಾಕ್ಕ ಹೊಂಟೈತಿ ಅಂತಾರ, ನನಗ ನೋಡಿದ್ರ ಅರ್ಧ ನಮ್ಮ ಲೈಬ್ರರ್ಯಾಗಾ ಇಳ್ಯಾಕತ್ತೈತಿ" ಎಂದು ಗೊಣಗುತ್ತಿದ್ದಳು.

ಅದೇ ಕಾಲಕ್ಕೆ ಗ್ರಂಥಾಲಯಕ್ಕೊಂದು ಕಂಪ್ಯೂಟರ್ ಬಂತು, ಅದರ ಬೆನ್ನಿಗೆ ಇಂಟರ್‌ನೆಟ್ಟೂ ಬಂತು. ಪುಕ್ಕಟೆ ಜಾಗ ಸಿಗುತ್ತಿದ್ದ ತಾಣಗಳಲ್ಲಿ ನಮ್ಮ ಜನವೂ ಪುಟ ತೆರೆಯುತ್ತಿದ್ದರು. ಹಂಪಿಯ ಒಂದು ಊಟದ ಮನೆ ತನ್ನ ದೋಸೆಯ ಚಿತ್ರ ಹಾಕಿತ್ತು. ಕಂಪ್ಲಿಯ ಅಕ್ಕಿ ಗಿರಣಿಯವರೊಬ್ಬರು ತಮ್ಮ ತಂದೆ ಪೇಟ ಸುತ್ತಿ ಗಿರಣಿಯ ಮುಂದೆ ನಿಂತ ಫೋಟೋ ಹಾಕಿದ್ದರು. ಮಲಪನಗುಡಿಯ ಮೇಷ್ಟರೊಬ್ಬರು ಊರಿನ ಮೆಟ್ಟಿಲುಬಾವಿಯ ಮೆಟ್ಟಿಲುಗಳನ್ನು ಎಣಿಸಿ ಬರೆದಿದ್ದರು, ಎರಡು ಕಡೆ ಎರಡು ಲೆಕ್ಕ. ಇವತ್ತು ಕಂಡ ಪುಟ ನಾಳೆ ಇರುತ್ತಿರಲಿಲ್ಲ. ಒತ್ತಿದರೆ, ಅಂಥದ್ದೇನೂ ಇಲ್ಲ ಎಂದು ಕಂಪ್ಯೂಟರು ನಿರ್ದಯವಾಗಿ ಹೇಳುತ್ತಿತ್ತು. ನನ್ನಂಥವಳಿಗೆ ಇದು ಸಹಿಸುವ ಮಾತೇ? ಕಂಡ ಕಂಡ ಪುಟಗಳನ್ನೆಲ್ಲ ಪ್ರಿಂಟು ತೆಗೆದು, ಬೈಂಡು ಹಾಕಿಸಿ, ಸ್ಥಳೀಯ ಗ್ರಂಥಗಳು ಎಂಬ ಕಪಾಟಿನಲ್ಲಿ ಇಡತೊಡಗಿದೆ. ಪ್ರಿಂಟು ಹರಿದುಹೋದರೆ ಇರಲಿ ಎಂದು ಸಿ.ಡಿ.ಗೂ ಇಳಿಸಿಕೊಂಡೆ. ಯಾರನ್ನಾದರೂ ಕೇಳಿದೆನೇ ಎನ್ನುತ್ತೀರಾ? ಇಲ್ಲ. ಕೇಳಬೇಕೆಂಬ ವಿಚಾರವೇ ತಲೆಗೆ ಹೊಳೆಯಲಿಲ್ಲ. ಗುಡ್ಡವನ್ನೇ ಕೇಳದೆ ಒಯ್ಯುತ್ತಿರುವ ಕಾಲದಲ್ಲಿ, ಒಂದು ಹಾಳೆಯನ್ನು ಕೇಳದೆ ಉಳಿಸಿದರೆ ಪುಣ್ಯವೇ ಹೊರತು ಪಾಪವೆಲ್ಲಿ ಬಂತು ಎಂದು ನನ್ನೊಳಗೊಬ್ಬ ವಕೀಲೆ ಯಾವಾಗಲೂ ಸಿದ್ಧವಾಗಿದ್ದಳು.

ಆ ವಕೀಲೆಗೆ ಸಾಕ್ಷಿಯೂ ಸಿಕ್ಕಿತು. ಗಿರಣಿಯವರ ಪುಟ ಅಳಿಸಿಹೋಗಿ, ಮನೆಯಲ್ಲಿದ್ದ ಮೂಲ ಫೋಟೋ ಗೆದ್ದಲು ಹಿಡಿದು, ಅವರು ಹೇಗೋ ಸುಳಿವು ಸಿಕ್ಕಿ ನನ್ನ ಕಪಾಟಿನ ಮುಂದೆ ಬಂದು ನಿಂತರು. ಪೇಟ ಸುತ್ತಿದ ತಂದೆಯನ್ನು ನೋಡಿ ಆ ಗಟ್ಟಿ ವ್ಯಾಪಾರಿ ಮನುಷ್ಯ ಗಳಗಳ ಅತ್ತುಬಿಟ್ಟರು. "ತಾಯಿ, ನಿಮ್ಮ ಹೊಟ್ಟಿ ತಣ್ಣಗಿರ್ಲಿ" ಎಂದು ಹರಸಿ ಹೋದವರು ಮರುವಾರ ಸೋನಾಮಸೂರಿಯ ಸಣ್ಣ ಚೀಲವೊಂದನ್ನು ಕಳಿಸಿದರು. ನಾನು ಅನ್ನ ಉಂಡೆ, ಜೊತೆಗೆ ಅಹಂಕಾರವನ್ನೂ ಉಂಡೆ.

ಇನ್ನು ಆ ಪುಟದ ಕಥೆ. ಹುಡುಕುವ ಪೆಟ್ಟಿಗೆಯಲ್ಲಿ ಸುತ್ತಲಿನ ಊರುಗಳ ಹೆಸರನ್ನು ಒಂದೊಂದಾಗಿ ಬರೆದು ನೋಡುವುದು ನನ್ನ ಮಧ್ಯಾಹ್ನದ ಆಟ. ಯಶವಂತನಗರ ಎಂದು ಬರೆದ ದಿನ ಒಂದು ಬೋಳು ಪುಟ ತೆರೆಯಿತು. ಮೇಲೆ "ಸುಮಿತ್ರಾಗೆ" ಎಂದಿತ್ತು. ಕೆಳಗೆ, ಕೈಯಿಂದ ಬರೆದ ಹಾಳೆಗಳನ್ನು ಹಾಗೆಯೇ ಸ್ಕ್ಯಾನ್ ಮಾಡಿ ಹಾಕಿದ್ದರು. ಕಂಪ್ಯೂಟರಿನಲ್ಲಿ ಕನ್ನಡ ಮೂಡಿಸುವುದು ಆಗ ಎಲ್ಲರಿಗೂ ಒಗ್ಗುವ ವಿದ್ಯೆಯಾಗಿರಲಿಲ್ಲ. ಬಲಕ್ಕೆ ವಾಲಿದ, ಒತ್ತಿ ಬರೆದ ಅಕ್ಷರ. ಬರೆದವರು ವೀರೇಶ ಎಂಬವರು, ಯಶವಂತನಗರದ ಬಳಿ ಅದಿರಿನ ಲಾರಿ ತೂಗುವ ಆಫೀಸಿನ ಗುಮಾಸ್ತರು. ಸುಮಿತ್ರಾ ಅವರ ಹೆಂಡತಿ. ಜ್ವರ ಬಂದು, ವಾರದೊಳಗೆ, ತೀರಿಕೊಂಡಿದ್ದರು. ತೀರಿಕೊಂಡವರಿಗೆ ಈ ಮನುಷ್ಯ ವಾರಕ್ಕೊಂದು ಕಾಗದ ಬರೆಯುತ್ತಿದ್ದರು.

ಆ ಕಾಗದಗಳಲ್ಲಿ ದೊಡ್ಡ ಮಾತೇನೂ ಇರಲಿಲ್ಲ. ಮಗಳು ದೀಪಾಳಿಗೆ ಜಡೆ ಹೆಣೆಯಲು ಪಕ್ಕದ ಮನೆಯವರಿಂದ ಕಲಿತೆ, ಮೊದಲ ದಿನ ಜಡೆ ಶಾಲೆಗೆ ಮುಟ್ಟುವುದರೊಳಗೆ ಬಿಚ್ಚಿಹೋಯಿತು, ಎರಡನೆಯ ದಿನ ಮಧ್ಯಾಹ್ನದ ಗಂಟೆಯವರೆಗೆ ನಿಂತಿತು ಎಂದಿತ್ತು ಒಂದರಲ್ಲಿ. ಒಣಹಾಕಿದ ಬಟ್ಟೆಯ ಮೇಲೆ ಧೂಳು ಕೂರದಂತೆ ನೀನು ಏನು ಮಾಡುತ್ತಿದ್ದೆ, ನಾನು ಎಂದೂ ಕೇಳಲೇ ಇಲ್ಲವಲ್ಲ ಎಂದಿತ್ತು ಇನ್ನೊಂದರಲ್ಲಿ. ಕಂಪನಿಯ ಬಸ್ಸು ತಿರುವಿನಲ್ಲಿ ಹಾರ್ನು ಹೊಡೆದಾಗ ಈಗಲೂ ಕೈ ಬುತ್ತಿ ತೆಗೆದುಕೊಳ್ಳಲು ಹಿಂದಕ್ಕೆ ಚಾಚುತ್ತದೆ ಎಂಬ ಸಾಲನ್ನು ಓದಿ ನಾನು ಕುರ್ಚಿಯಿಂದೆದ್ದು ಕಿಟಕಿಗೆ ಹೋಗಿ ನಿಂತೆ. ಹುಲಿಗೆವ್ವ ಬಂದು, ಕಣ್ಣಿಗೆ ಧೂಳು ಬಿತ್ತೇನ್ರಿ ಎಂದಳು. ಹೌದೆಂದೆ.

ಪ್ರತಿ ವಾರ ಕಾಯುತ್ತಿದ್ದೆ, ಹೊಸ ಕಾಗದ ಬಂದೊಡನೆ ಪ್ರಿಂಟು ತೆಗೆಯುತ್ತಿದ್ದೆ. ಒಂದು ದಿನ ನೋಡಿದರೆ ಇಡೀ ತಾಣವೇ ಮಾಯವಾಗಿತ್ತು. ಅಯ್ಯೋ ಪಾಪ, ಯಾವನೋ ತಾಣದವನು ನುಂಗಿಹಾಕಿದ, ಪುಣ್ಯಕ್ಕೆ ನಾನಿದ್ದೆ ಎಂದುಕೊಂಡೆ. ಕೆಂಪು ರೆಕ್ಸಿನ್ನಿನ ಬೈಂಡು ಹಾಕಿಸಿದೆ. ಬೆನ್ನ ಮೇಲೆ "ಸುಮಿತ್ರಾಗೆ ಪತ್ರಗಳು" ಎಂದು ಬರೆಸಿದೆ. ಪುಸ್ತಕಗಳ ಹುಟ್ಟನ್ನು ದಾಖಲಿಸುವ ನಮ್ಮ ದಪ್ಪ ರಿಜಿಸ್ಟರಿನಲ್ಲಿ ಅದಕ್ಕೊಂದು ನಂಬರು ಕೊಟ್ಟೆ. ಆಮೇಲೆ ಮೊಹರು. ಪ್ರತಿ ಗ್ರಂಥಾಲಯಕ್ಕೂ ಒಂದು ಗುಟ್ಟಿನ ಪುಟ ಇರುತ್ತದೆ, ನಿಮಗೆ ಗೊತ್ತಿರಲಿಕ್ಕಿಲ್ಲ. ಮೊದಲ ಹಾಳೆ ಹರಿದು ಪುಸ್ತಕ ಕದ್ದರೂ ಗುರುತು ಸಿಗಲೆಂದು, ಒಳಗಿನ ಒಂದು ಗೊತ್ತಾದ ಪುಟದಲ್ಲೂ ಮೊಹರು ಒತ್ತುತ್ತೇವೆ. ನಮ್ಮದು ಹದಿನೇಳನೆಯ ಪುಟ. "ಗ್ರಂಥಾಲಯದ ಸ್ವತ್ತು" ಎಂಬ ನೇರಳೆ ಮೊಹರು ಆ ಹಾಳೆಯ ಅಂಚಿನಲ್ಲಿ ಹಿಡಿಸದೆ, ಬರಹದ ಮೇಲೆಯೇ ಕೂತು ನಾಲ್ಕು ಸಾಲನ್ನು ಮಬ್ಬು ಮಾಡಿತು. ಪರವಾಗಿಲ್ಲ, ಓದಲು ಬರುತ್ತದೆ ಎಂದು ಮುಂದಿನ ಪುಸ್ತಕಕ್ಕೆ ಕೈ ಹಾಕಿದೆ.

ಆ ಪುಟದಲ್ಲಿ ಏನಿತ್ತು? ಒಬ್ಬ ಗಂಡ ತನ್ನ ಹೆಂಡತಿಯಲ್ಲಿ ಒಂದು ತಪ್ಪೊಪ್ಪಿಕೊಂಡು ಕ್ಷಮೆ ಬೇಡಿದ್ದ. ಅಷ್ಟನ್ನು ಮಾತ್ರ ಹೇಳಬಲ್ಲೆ. ತಪ್ಪು ಯಾವುದೆಂದು ಕೇಳಬೇಡಿ.

ವರ್ಷಗಳು ಕಳೆದವು. ಕಾಲೇಜಿನ ಪ್ರವೇಶದ ದಿನಗಳು. ಪಿಯುಸಿಗೆ ಸೇರಿದ ಮಕ್ಕಳ ಗ್ರಂಥಾಲಯದ ಕಾರ್ಡಿಗೆ ಪೋಷಕರ ಸಹಿ ಬೇಕು. ಸಾಲಿನಲ್ಲಿ ಕಾಯುತ್ತಿದ್ದ ಒಬ್ಬರು, ಅರ್ಧ ತೋಳಿನ ಬಿಳಿ ಅಂಗಿಯವರು, ಬೇಸರ ಕಳೆಯಲು ಕಪಾಟು ನೋಡುತ್ತ ಹೋದರು. ಮಗಳು ಹೊರಗೆ ಗೆಳತಿಯರ ಜೊತೆ ನಗುತ್ತಿದ್ದಳು. ಸಾಲು ಕರಗಿದರೂ ಈ ಮನುಷ್ಯ ಬರಲಿಲ್ಲ. ಎದ್ದು ಹೋಗಿ ನೋಡಿದರೆ, ಕೆಂಪು ಪುಸ್ತಕ ಅವರ ಕೈಯಲ್ಲಿ ತೆರೆದಿತ್ತು.

"ಇದು ನನ್ನ ಅಕ್ಷರ ಐತ್ರೀ ಮೇಡಂ" ಎಂದರು.

ನನ್ನ ಹಿಗ್ಗನ್ನು ಏನು ಹೇಳಲಿ! ಗಿರಣಿಯವರ ಕಣ್ಣೀರು, ಹರಕೆ, ಅಕ್ಕಿ ಎಲ್ಲ ಒಟ್ಟಿಗೆ ನೆನಪಾಯಿತು. "ನೀವಾ ಏನ್ರೀ ವೀರೇಶಪ್ಪ ಅಂದ್ರ! ಬರ್ರಿ, ಕುಂದ್ರಿ. ಅಲ್ಲಿ ಎಲ್ಲಾ ಅಳಿಸಿ ಹೋತು ನೋಡ್ರಿ, ನಾನು ಮೊದಲಾ ತಗದಿಟ್ಟಿದ್ದಕ್ಕ ಉಳೀತು."

"ಅಳಿಸಿ ಹೋಗಿದ್ದಲ್ರಿ. ನಾನಾ ಅಳಿಸಿದ್ದು."

ನನಗೆ ತಕ್ಷಣ ಅರ್ಥವಾಗಲಿಲ್ಲ. ಅವರು ಪುಸ್ತಕವನ್ನು ಮುಚ್ಚಿ ಎದೆಗೆ ಒತ್ತಿಕೊಂಡು ಕುಳಿತರು. ಸಿಟ್ಟಿನ ದನಿಯಲ್ಲ, ಸಿಟ್ಟಾಗಿದ್ದರೆ ನನಗೂ ಜಗಳವಾಡಿ ಗೆಲ್ಲಬಹುದಿತ್ತು. ಮಕ್ಕಳಿಗೆ ತಿಳಿಹೇಳುವವರ ಹಾಗೆ ಮೆಲ್ಲಗೆ ಹೇಳಿದರು. "ಮನ್ಯಾಗ ನೋಟ್‌ಬುಕ್ಕಿನಾಗ ಬರದ್ರ ನಮ್ಮವ್ವನ ಕೈಗೆ ಸಿಗ್ತಿತ್ತು, ಮಗಳ ಕೈಗೆ ಸಿಗ್ತಿತ್ತು. ಪೋಸ್ಟಿನ ಡಬ್ಬಿಗೆ ಹಾಕಬೇಕಂದ್ರ ವಿಳಾಸ ಇಲ್ಲ. ಈ ಇಂಟರ್‌ನೆಟ್ ಅಂಬೋದು ಮ್ಯಾಲೆ ಎಲ್ಲೋ ಇರತೈತಿ, ನಮ್ಮ ಕಡೆ ಮಂದಿ ಯಾರು ನೋಡ್ತಾರ ಅಂತ ಅಲ್ಲಿ ಹಾಕಿದ್ದೆ. ಆಕಿಗೆ ಮುಟ್ಟೋದಾದ್ರ ಅಲ್ಲಿಂದಾನ ಮುಟ್ಲಿ ಅಂತ. ವರ್ಷ ತುಂಬಿದ ದಿನ ಕುಂತು ಎಲ್ಲಾ ಅಳಿಸಿದೆ. ಸಾವಿನ ಕಾಗದ ಓದಿ ಹರೀತಾರಲ್ರೀ, ಹಂಗ. ಅಳಿಸಿ, ಜಳಕ ಮಾಡಿ, ಮಗಳಿಗೆ ಉಣ್ಣಾಕ ನೀಡಿದೆ. ಅವತ್ತಿಗೆ ಮುಗೀತು ಅಂದ್ಕೊಂಡಿದ್ದೆ ಮೇಡಂ. ಉಳಸ್ರಿ ಅಂತ ನಾನು ಯಾರಿಗೂ ಹೇಳಿದ್ದಿಲ್ಲ."

ನಿಜ ಹೇಳುತ್ತೇನೆ, ಕಂಪ್ಲಿಯ ಆ ಕಟ್ಟೆಯ ಮೇಲೆ ಅನ್ನದ ಅಗುಳು ಹಚ್ಚಿಕೊಂಡ ಬೆರಳಿನೊಂದಿಗೆ ನಾನು ಮತ್ತೆ ನಿಂತಂತಾಯಿತು. ಆಗ ಕೇಳಿಸಿಕೊಂಡದ್ದನ್ನು ಈಗ ಕಲಿಯುತ್ತಿದ್ದೆ, ಅದೂ ನನಗಿಂತ ಚಿಕ್ಕವರೊಬ್ಬರಿಂದ.

"ಈಗ ಮಗಳು ಇದಾ ಕಾಲೇಜಿಗೆ ಬಂದಾಳ. ಇದನ್ನ ಆಕಿ ಓದಬಾರ್ದ್ರೀ. ಆಕಿಗೆ ಹೇಳಬೇಕಾದ್ದು ಒಂದು ಐತಿ. ಅದನ್ನ ನಾನು ಹೇಳಬೇಕು, ನಿಮ್ಮ ಕಪಾಟು ಹೇಳಬಾರ್ದು" ಎಂದರು. ಹದಿನೇಳನೆಯ ಪುಟವನ್ನು ಅವರು ನೋಡಿಯಾಗಿತ್ತು ಎಂದು ತಿಳಿಯಿತು. ತನ್ನ ಕ್ಷಮೆಯ ಮಾತಿನ ಮೇಲೆ ನಮ್ಮ ಸ್ವತ್ತಿನ ಮೊಹರು!

ಆದರೂ ನೋಡಿ, ಮೂವತ್ತು ವರ್ಷದ ನೌಕರಿ ಮನುಷ್ಯರನ್ನು ಏನು ಮಾಡುತ್ತದೆಂದು. ನನ್ನ ಬಾಯಿ ತಾನಾಗಿಯೇ, "ರಿಜಿಸ್ಟರಿಗೆ ಏರಿದ ಪುಸ್ತಕ ತಗಿಬೇಕಂದ್ರ ಕಮಿಟಿ ಕೂಡಬೇಕ್ರಿ" ಎಂದಿತು. ಅಂದೊಡನೆ ಆ ಕಮಿಟಿ ಕಣ್ಣಮುಂದೆ ಬಂತು: ಐದು ಜನ ಪ್ರಾಧ್ಯಾಪಕರು ಚಹಾ ಕುಡಿಯುತ್ತ, ಬೆರಳಿಗೆ ಉಗುಳು ಹಚ್ಚಿ ಹಾಳೆ ತಿರುವುತ್ತ, ಇದು ಸಾಹಿತ್ಯವೋ ಅಲ್ಲವೋ ಎಂದು ತೀರ್ಮಾನಿಸುತ್ತ. ಥೂ, ನನ್ನ ಬಾಯಿಗಿಷ್ಟು ಎಂದುಕೊಂಡೆ. ನನ್ನದೇ ಕಾರ್ಡು ತೆಗೆದು, ಪುಸ್ತಕವನ್ನು ನನ್ನ ಹೆಸರಿಗೆ ಎತ್ತಿಕೊಂಡು, ಹಳೆಯ ಪತ್ರಿಕೆಯಲ್ಲಿ ಸುತ್ತಿ ಅವರ ಕೈಗೆ ಕೊಟ್ಟೆ. ಅವರು ಕೈಮುಗಿದರು. ಮಗಳನ್ನು ಕರೆದುಕೊಂಡು ಹೋದರು. ಆ ಪುಸ್ತಕವನ್ನು ನಾನು ಎಂದೂ ಹಿಂತಿರುಗಿಸಲಿಲ್ಲ. ನಿವೃತ್ತಿಯ ದಿನ, ಕಳೆದಿದೆ ಎಂದು ಬರೆದು ಬದಲಿಗೊಂದು ನಿಘಂಟು ತಂದುಕೊಟ್ಟೆ.

ಆದರೆ ಮೇಜಿನ ಕೆಳಗಿನ ಖಾನೆಯಲ್ಲಿ ಆ ಕಾಗದಗಳದೇ ಒಂದು ಸಿ.ಡಿ. ಇತ್ತು. ಅವರು ಎದುರಿಗೆ ಕೂತಿದ್ದಾಗ ನನಗದು ಚೆನ್ನಾಗಿ ನೆನಪಿತ್ತು. ಹೇಳಲಿಲ್ಲ. ಯಾಕೆ ಹೇಳಲಿಲ್ಲ? ನನ್ನನ್ನೇ ಕೇಳಿಕೊಂಡಿದ್ದೇನೆ. ಪುಸ್ತಕ ಕೊಟ್ಟೆನಲ್ಲ, ಬರೀ ಒಂದು ಪ್ರತಿ, ಯಾರು ನೋಡುತ್ತಾರೆ, ಮುಂದೆ ಎಂದಾದರೂ ಅವರೇ ಬೇಕೆನ್ನಬಹುದು ಎಂದು ಆ ವಕೀಲೆ ಪಿಸುಗುಟ್ಟಿದಳು. ಕೂಡಿಡುವವರ ದಾನದಲ್ಲಿ ಯಾವಾಗಲೂ ಒಂದು ಪ್ರತಿ ಹಿಂದೆ ಉಳಿದಿರುತ್ತದೆ.

ಸಿ.ಡಿ. ಹೋಗಲಿ, ಅದನ್ನು ಬೇಕೆಂದೇ ಉಳಿಸಿಕೊಂಡಿದ್ದೆ. ಇನ್ನೊಂದನ್ನು ಮಾತ್ರ ಶುದ್ಧ ಮರೆತೆ. ಪುಸ್ತಕ ಹೋದರೂ ಅದರ ಕಾರ್ಡುಗಳು ಸೂಚಿಯ ಖಾನೆಯಲ್ಲಿ ಹಾಗೆಯೇ ಇದ್ದವು. ಬರೆದವರ ಹೆಸರಿಗೊಂದು, ಪುಸ್ತಕದ ಹೆಸರಿಗೊಂದು, ವಿಷಯಕ್ಕೊಂದು (ಸ್ಥಳೀಯ ಗ್ರಂಥವಾದರೆ ಊರಿನ ಹೆಸರೇ ವಿಷಯ), ಹೀಗೆ ಪ್ರತಿ ಪುಸ್ತಕಕ್ಕೂ ಮೂರು ಕಾರ್ಡು ಬರೆಯುತ್ತಿದ್ದೆವು; ಕೆಳಗೆ ತೂತು ಹಾಕಿ ಒಂದು ಸರಳಿಗೆ ಪೋಣಿಸಿಡುತ್ತಿದ್ದೆವು, ಅಜ್ಜಿಯ ತಂತಿಯ ಹಾಗೇ. ಹೊಸ ಮಕ್ಕಳಿಗೆ ಸೂಚಿ ನೋಡುವುದನ್ನು ಕಲಿಸಲು ನಾನು ಪ್ರತಿವರ್ಷ ಒಂದು ಆಟ ಆಡಿಸುತ್ತಿದ್ದೆ: ಎಲ್ಲರೂ ತಮ್ಮ ತಮ್ಮ ಊರಿನ ಹೆಸರಿನ ಕಾರ್ಡು ಹುಡುಕಿ ತೋರಿಸಬೇಕು. ಆ ವರ್ಷವೂ ಆಡಿಸಿದೆ. ವಡ್ಡಿನ ಹುಡುಗ ವಡ್ಡು ಹುಡುಕಿದ, ಕಂಪ್ಲಿಯವಳು ಕಂಪ್ಲಿ ಹುಡುಕಿದಳು. ಒಂದು ಹುಡುಗಿ ಖಾನೆಯ ಮುಂದೆ ಬೆರಳಿಟ್ಟು ಅಲ್ಲಾಡದೆ ನಿಂತಿದ್ದಳು. ಎರಡು ಜಡೆ, ಗಟ್ಟಿಯಾಗಿ, ಒಂದೆಳೆಯೂ ಬಿಚ್ಚದಂತೆ ಹೆಣೆದದ್ದು. ಆ ಜಡೆ ನೋಡಿದ ಕೂಡಲೇ ಯಾರ ಮಗಳೆಂದು ತಿಳಿಯಿತು.

"ಮೇಡಂ, ಇದು ನಮ್ಮ ಅಪ್ಪನ ಹೆಸರ್ರಿ. ಇದು ನಮ್ಮವ್ವನ ಹೆಸರು."

ಸುಳ್ಳು ಹೇಳಲು ನಾಲಿಗೆ ಎತ್ತಿದೆ, ಬರಲಿಲ್ಲ. ಪಕ್ಕಕ್ಕೆ ಕರೆದು ಕೂರಿಸಿ, "ಆ ಪುಸ್ತಕ ನಮ್ಮದಲ್ಲವ್ವ. ನಾನು ಕೇಳದಾ ಇಟ್ಟುಕೊಂಡಿದ್ದೆ, ತಪ್ಪು ನನ್ನದು. ಅದರ ಯಜಮಾನರು ಬಂದು ಒಯ್ದಾರ. ನಿಮ್ಮಪ್ಪನ್ನ ಕೇಳು" ಎಂದೆ. ದೀಪಾ ಎದ್ದು ಹೋದಳು. ನಾನು ಅವತ್ತಿನ ಬುತ್ತಿ ಬಿಚ್ಚಲಿಲ್ಲ. ತಾನೇ ಹೇಳಬೇಕೆಂದಿದ್ದ ಆ ತಂದೆಯ ಬಾಯಿಗಿಂತ ಮೊದಲು ನನ್ನ ಸೂಚಿಯ ಖಾನೆ ಬಾಯಿ ತೆರೆದಿತ್ತು.

ಆ ವಾರವೆಲ್ಲ ನನಗೆ ಇದೇ ಧ್ಯಾನ. ಭಾನುವಾರ ಹಂಪಿಗೆ ಬಂದ ನೆಂಟರನ್ನು ಸುತ್ತಾಡಿಸಲು ಹೋದಾಗಲೂ ಅದೇ. ಅಲ್ಲಿ ಶಾಸನದ ಕಲ್ಲುಗಳಿವೆಯಲ್ಲ, ಸೂರ್ಯಚಂದ್ರರಿರುವ ತನಕ ನಿಲ್ಲಲಿ ಎಂದು ಬೇಡಿಕೊಂಡೇ ಕೆತ್ತಿಸಿದವು, ಅವನ್ನು ಕಾಪಾಡಲು ನಾವು ಯಾರ ಅಪ್ಪಣೆಯನ್ನೂ ಕೇಳಬೇಕಿಲ್ಲ. ಅಪ್ಪಣೆ ಕಲ್ಲಿನಲ್ಲೇ ಇದೆ. ಆದರೆ ಅದೇ ಊರಿನಲ್ಲಿ ಯಾವಳೋ ಒಬ್ಬಳು ಬೆಳಿಗ್ಗೆ ಅಂಗಳದಲ್ಲಿ ಎಳೆದ ರಂಗೋಲಿ ಸಂಜೆಗೆ ಅಳಿಸಿಹೋಗಲೆಂದೇ ಎಳೆದದ್ದು. ಎರಡೂ ಬರಹವೇ. ಕಲ್ಲಿಗೆ ಕೊಡುವ ಮರ್ಯಾದೆಯನ್ನು ರಂಗೋಲಿಗೆ ಕೊಟ್ಟರೆ ಅದು ಮರ್ಯಾದೆಯೇ? ಇಂಟರ್‌ನೆಟ್ಟಿನ ಕಷ್ಟ ಇದು: ಅಲ್ಲಿ ಶಾಸನವೂ ರಂಗೋಲಿಯೂ ಒಂದೇ ಬೆಳಕಿನಲ್ಲಿ, ಒಂದೇ ಅಳತೆಯ ಗಾಜಿನ ಹಿಂದೆ ಕಾಣುತ್ತವೆ. ಬೀದಿಗೆ ಕಾಣುವಂತೆ ಇಟ್ಟದ್ದೆಲ್ಲ ಬೀದಿಯವರಿಗೆ ಕೊಟ್ಟದ್ದು ಎಂದು ನಾವು ಭ್ರಮಿಸುತ್ತೇವೆ. ಕಟ್ಟೆಯ ಮೇಲೆ ಕೂತು ಅಳುವವಳ ಅಳು ದಾರಿಹೋಕರಿಗೆ ಕೇಳಿಸುತ್ತದೆ, ನಿಜ; ಕೇಳಿಸಿತೆಂದು ಅದು ನಮ್ಮದಾಗುತ್ತದೆಯೇ? ಈಗಂತೂ ಯಾರ ಬಾಗಿಲನ್ನೂ ತಟ್ಟದೆ ಜಗತ್ತಿನ ಪುಟಗಳನ್ನೆಲ್ಲ ನಕಲು ಮಾಡಿಡುವ ಯಂತ್ರಗಳಿವೆಯಂತೆ. ಅವು ಮಾಡುವುದು ನಾನು ಮಾಡಿದ್ದನ್ನೇ, ದೊಡ್ಡದಾಗಿ. ಬೇಡವೆನ್ನಲು ನನಗೆ ಬಾಯಿಲ್ಲ; ಗಿರಣಿಯವರ ತಂದೆ ಇನ್ನೂ ಪೇಟ ಸುತ್ತಿ ನಿಂತಿರುವುದು ಅಂಥ ಕಳ್ಳತನದಿಂದಲೇ. ಕೇಳುತ್ತ ಕೂತಿದ್ದರೆ ಅವರೂ ಹೋಗಿರುತ್ತಿದ್ದರು. ಆದರೆ ಉಳಿಸಿದವರು, ಬೇಡ ಎಂದು ಬಂದವರಿಗೆ ಎದ್ದು ನಿಂತು ಹಿಂದಕ್ಕೆ ಕೊಡಬೇಕು, ಪೂರ್ತಿ ಕೊಡಬೇಕು. ನಾನು ಪೂರ್ತಿ ಕೊಟ್ಟಿರಲಿಲ್ಲ. ಗುಡ್ಡ ಒಯ್ಯುವವರನ್ನು ಬೈಯುತ್ತಿದ್ದ ನನ್ನ ಮೇಜಿನ ಖಾನೆಯಲ್ಲೂ ಇನ್ನೊಬ್ಬರ ಗುಡ್ಡದ ಮಣ್ಣಿತ್ತು.

ಮುಂದಿನ ವಾರ ದೀಪಾ ಬಂದಳು. ಕಣ್ಣು ಊದಿತ್ತು, ಮುಖ ಮಾತ್ರ ತಿಳಿಯಾಗಿತ್ತು. ಅಪ್ಪ ಪುಸ್ತಕವನ್ನು ಹರಿದಿರಲಿಲ್ಲವಂತೆ. ಹರಿಯುವ ಮುಂಚೆ ಓದಬೇಕಲ್ಲ ಎಂದು ಕೂತವರು ಹರಿಯಲಾರದೆ ಟ್ರಂಕಿನಲ್ಲಿಟ್ಟಿದ್ದರಂತೆ. ಮಗಳು ಕೇಳಿದ ಮೇಲೆ ಎರಡು ದಿನ ಮಾತಾಡದೆ, ಮೂರನೆಯ ದಿನ ತಾವೇ ತೆಗೆದುಕೊಟ್ಟರಂತೆ. "ನನ್ನ ಜಡಿ ಸುದ್ದಿ ಭಾಳ ಬರದಾನ್ರಿ" ಎಂದು ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು. ಆಮೇಲೆ ದನಿ ತಗ್ಗಿಸಿದಳು.

"ಹದಿನೇಳನೇ ಪುಟ ಇಲ್ರಿ ಅದರಾಗ. ಬ್ಲೇಡಿನಿಂದ ಕೊರದು ತಗದಾನ ಅಪ್ಪ. ಯಾಕಪ್ಪಾ ಅಂದ್ರ, ಅದನ್ನ ಬಾಯಿಲೇ ಹೇಳ್ತೀನಿ, ಧೈರ್ಯ ಬರ್ಲಿ ತಡಿ ಅಂದಾನ್ರಿ. ಮೇಡಂ, ನಿಮ್ಮ ಹತ್ರ ಇನ್ನೊಂದು ಕಾಪಿ ಐತೇನ್ರಿ?"

ನನ್ನ ಮೊಣಕಾಲು ಸಿ.ಡಿ. ಇದ್ದ ಖಾನೆಗೆ ತಾಗುತ್ತಿತ್ತು. ತಾಯಿಯನ್ನು ಕಳೆದುಕೊಂಡ ಹುಡುಗಿ, ತಾಯಿಗೆ ಸಂಬಂಧಪಟ್ಟ ಒಂದು ಹಾಳೆ ಕೇಳುತ್ತಿದ್ದಾಳೆ. ಕೊಡದಿದ್ದರೆ ನಾನೆಂಥ ಹೆಂಗಸು? ಕೊಟ್ಟರೆ, ಆ ಮನುಷ್ಯ ಕೂಡಿಸಿಕೊಳ್ಳುತ್ತಿರುವ ಧೈರ್ಯ ಏನಾಗಬೇಕು? ಇಡೀ ಜೀವಮಾನದಲ್ಲಿ ಕೇಳಿದವರಿಗೆ ಪುಸ್ತಕ ಹುಡುಕಿಕೊಟ್ಟೇ ಉಂಡವಳು ನಾನು. "ನಾಳೆ ಬಾ ತಂಗಿ, ನೋಡಿ ಹೇಳ್ತೀನಿ" ಎಂದೆ.

ಅವಳು ಹೋದ ಮೇಲೆ ಸಿ.ಡಿ. ತೆಗೆದುಕೊಂಡೆ. ಸೂಚಿಯ ಖಾನೆಯ ಸರಳೆಳೆದು ಮೂರು ಕಾರ್ಡುಗಳನ್ನೂ ಬಿಡಿಸಿಕೊಂಡೆ. ಗ್ರಂಥಾಲಯದ ಹಿಂದಿನ ಮೆಟ್ಟಿಲಿಗೆ, ಹೊಸ್ತಿಲಿನಾಚೆಗೆ, ಹೋಗಿ ಕೂತೆ. ಕಾರ್ಡುಗಳು ಸುಲಭವಾಗಿ ಹರಿದವು. ಆ ಹಾಳಾದ ಸಿ.ಡಿ. ಮಾತ್ರ ಬಗ್ಗುತ್ತದೆ, ಮುರಿಯುವುದಿಲ್ಲ. ಬಗ್ಗಿದಾಗೊಮ್ಮೆ ಬಿಸಿಲಿಗೆ ಏಳು ಬಣ್ಣ ತೋರಿಸಿ ಅಣಕಿಸುತ್ತದೆ. ನನ್ನ ಒದ್ದಾಟ ನೋಡಿ ಹುಲಿಗೆವ್ವ, "ಕೊಡ್ರಿ ಇತ್ತಾಗ" ಎಂದು ಕಸಿದು, ಕಲ್ಲಿನ ಅಂಚಿಗಿಟ್ಟು ಹಿಮ್ಮಡಿಯಿಂದ ಒಂದೇ ಏಟಿಗೆ ಚೂರು ಮಾಡಿದಳು. ಏನದು ಎಂದು ಕೇಳಲಿಲ್ಲ. ನಾನು ನಲ್ಲಿಯ ಕೆಳಗೆ ಕೈಕಾಲು ಮುಖ ತೊಳೆದುಕೊಂಡು ಸೆರಗಿನಿಂದ ಒರೆಸಿಕೊಳ್ಳುವಾಗ ಅವಳ ದನಿ ಸಣ್ಣದಾಯಿತು.

"ಯಾರು ಹೋದ್ರು ಮೇಡಮ್ಮರ?"

"ಸುಮಿತ್ರಾ ಅಂತ. ಹೋಗಿ ಭಾಳ ವರ್ಷ ಆತು. ಕಾಗದ ಈಗ ಹರಿದೆ" ಎಂದೆ. ಹುಲಿಗೆವ್ವ ತಲೆಯಾಡಿಸಿ ತಾನೂ ಕೈ ತೊಳೆದುಕೊಂಡಳು.

ಮರುದಿನ ದೀಪಾ ಮೇಜಿನ ಮುಂದೆ ನಿಂತಾಗ, "ಇಲ್ಲ ನೋಡವ್ವ. ನಿನ್ನಿ ತನಕ ಇತ್ತು, ಈಗಿಲ್ಲ. ನಾನಾ ಮುರಿದೆ" ಎಂದೆ, ಬೈಸಿಕೊಳ್ಳಲು ಸಿದ್ಧಳಾಗಿ. ಹುಡುಗಿ ಹೊತ್ತ ಕೊಡವನ್ನು ಇಳಿಸಿದವಳ ಹಾಗೆ ಉಸಿರು ಬಿಟ್ಟಳು.

"ಛಲೋ ಆತ್ ಬಿಡ್ರಿ ಮೇಡಂ. ಐತಿ ಅಂದಿದ್ರ ನನಗ ಓದ್ದಂಗ ಇರಾಕ ಆಗ್ತಿದ್ದಿಲ್ಲ. ಅಪ್ಪ ಹೇಳ್ಲಿ, ಕಾಯ್ತೀನಿ."

ಅಪ್ಪ ಹೇಳಿದರೇ, ಯಾವಾಗ ಹೇಳಿದರು, ನನಗೆ ಗೊತ್ತಿಲ್ಲ. ಕೇಳಿಲ್ಲ. ಈ ಬರಹ ಬರೆಯಬೇಕೆನ್ನಿಸಿದಾಗ ಮಾತ್ರ, ಜೀವಮಾನದಲ್ಲಿ ಮೊದಲ ಸಲ, ಬರೆಯುವ ಮುಂಚೆ ಅಪ್ಪಣೆ ಕೇಳಿ ಅವರಿಬ್ಬರಿಗೂ ಒಂದು ಕಾಗದ ಹಾಕಿದೆ. ಹೆಸರುಗಳನ್ನು ಬದಲಿಸುತ್ತೇನೆ, ಆ ಪುಟವನ್ನು ಮುಟ್ಟುವುದಿಲ್ಲ ಎಂದು ಬರೆದು, ಅಜ್ಜಿಯ ತಂತಿಯ ಕಥೆಯನ್ನೂ ಸೇರಿಸಿದ್ದೆ. ತಿಂಗಳ ಮೇಲೆ ಉತ್ತರ ಬಂತು. ಬರೀರಿ ಮೇಡಂ, ಜಡೆಯ ಸಂಗತಿ ಬಿಡಬೇಡಿ ಎಂದು ದೀಪಾ ಬರೆದಿದ್ದಳು. ಕಾಗದದ ಕೆಳಗೆ, ಬಲಕ್ಕೆ ವಾಲಿದ, ಒತ್ತಿ ಬರೆದ ಅಕ್ಷರದಲ್ಲಿ ಒಂದೇ ಸಾಲು: "ಇದನ್ನು ಇಟ್ಟುಕೊಳ್ಳಬಹುದು."

ನಿಂತಲ್ಲೇ ಎರಡು ಸಲ ಓದಿದೆ. ಒಳಗೆ ತಂದು ತಂತಿಯ ಮೊನೆಗೆ ಹಿಡಿದೆ. ಚುಚ್ಚುವ ಮುಂಚೆ ಹಾಳೆಯನ್ನು ಬೆಳಕಿಗೆ ತಿರುಗಿಸಿ, ಒಂದು ಅಕ್ಷರಕ್ಕೂ ತಾಗದಂಥ ಖಾಲಿ ಜಾಗ ಅಂಚಿನಲ್ಲಿ ಎಲ್ಲಿದೆಯೆಂದು ಬಹಳ ಹೊತ್ತು ಹುಡುಕಿದೆ.